ಪಾತ್‌ಫೈಂಡರ್ ಬೆಸ್ಟಿಯರಿ: ಅಂಕಿ ಬಿಡಿ, ಚೇಷ್ಟೆ ತಗೊಳ್ಳಿ

ಶಿರಸಿಯಲ್ಲಿ ನಮ್ಮದು ಭಾನುವಾರ ಮಧ್ಯಾಹ್ನದ ಆಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯಾಟ. ಐದನೇ ಆವೃತ್ತಿ, 2014ರ ನಿಯಮ. ನಾನು ಡಿಎಂ, ಆಟ ಆಡಿಸುವುದು ನನ್ನ ಕೆಲಸ. ಆಡುವವರಿಗೆ ಎದುರಾಳಿ ಜೀವಿಗಳ ಪುಸ್ತಕ ಮಾನ್‌ಸ್ಟರ್ ಮ್ಯಾನ್ಯುಯಲ್ ಬಾಯಿಪಾಠ ಆಗಿಬಿಟ್ಟಿದೆ. ಟ್ರೋಲ್ ಅಂದ ಕೂಡಲೇ ಎಲ್ಲರೂ ಪಂಜು ಹೊತ್ತಿಸುತ್ತಾರೆ, ಬೆಂಕಿ ತಾಗಿದರೆ ಅದರ ಗಾಯ ತಾನಾಗಿ ಮಾಯುವುದು ನಿಲ್ಲುತ್ತದೆ ಅಂತ ಗೊತ್ತು. ಅದಕ್ಕೇ ಪಕ್ಕದ ಆಟದ ಪುಸ್ತಕ ತರಿಸಿದೆ: ಪಾತ್‌ಫೈಂಡರ್ ಎರಡನೇ ಆವೃತ್ತಿಯ ಬೆಸ್ಟಿಯರಿ, ಅಂದರೆ ಅದರ ಜೀವಿಗಳ ಪುಸ್ತಕ. ಪೈಜೋ ಕಂಪನಿಯದು, 2019ರಲ್ಲಿ ಬಂದದ್ದು, 400ಕ್ಕೂ ಹೆಚ್ಚು ಜೀವಿಗಳಿವೆ. ಪಾತ್‌ಫೈಂಡರ್ ಆಡುವವರಿಗೆ ಇದು ಹೇಗಿದೆ ಎಂದು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಡಿ ಅಂಡ್ ಡಿ ಆಡಿಸುವವರಿಗೆ ಇದರಿಂದ ಏನು ಉಪಯೋಗ ಅನ್ನೋದಷ್ಟೇ ನನ್ನ ವಿಷಯ.

ಉಪಯೋಗ ಇದೆ. ಆದರೆ ಇದರ ಅಂಕಿಗಳನ್ನು ಹಾಗೇ ಎತ್ತಿ ಮೇಜಿಗೆ ತರಬೇಡಿ.

ಎರಡೂ ಪುಸ್ತಕದಲ್ಲಿ ಇರುವ ಔಲ್‌ಬೇರ್ ನೋಡಿ. ಗೂಬೆ ತಲೆ, ಕರಡಿ ಮೈ. ಡಿ ಅಂಡ್ ಡಿಯಲ್ಲಿ ಅದರ ಎಸಿ (ಪೆಟ್ಟು ತಾಗಲು ಮುಟ್ಟಬೇಕಾದ ಮೊತ್ತ) 13, ಹೊಡೆಯುವಾಗ ದಾಳಕ್ಕೆ ಸೇರುವುದು +7. ಪಾತ್‌ಫೈಂಡರ್‌ನಲ್ಲಿ ಎಸಿ 21, ಹೊಡೆತಕ್ಕೆ +14. ನಮ್ಮ ಮೂರನೇ ಲೆವೆಲ್ಲಿನ ಫೈಟರ್‌ಗೆ ಹೊಡೆಯಲು +5 ಇದೆ. ಎಸಿ 13 ಆದರೆ ಇಪ್ಪತ್ತು ಮುಖದ ದಾಳದಲ್ಲಿ 8 ಬಿದ್ದರೆ ಸಾಕು. 21 ಆದರೆ 16 ಬೀಳಬೇಕು. ಅಂದರೆ ನಾಲ್ಕು ಸಲ ಬೀಸಿದರೆ ಒಂದು ಸಲ ತಾಗೀತು. +14ರ ಔಲ್‌ಬೇರ್ ಪೆಟ್ಟು ಮಾತ್ರ ಎಸಿ 16ರ ಫೈಟರ್‌ಗೆ ದಾಳದಲ್ಲಿ 1 ಬಿದ್ದಾಗ ಮಾತ್ರ ತಪ್ಪುತ್ತದೆ. 'ಎಂತ ಮಾರಾಯಾ, ತಾಗ್ತೇ ಇಲ್ಲೆ' ಎಂದು ದಾಳ ಬದಿಗಿಟ್ಟು ಚಾ ಕುಡಿಯಲು ಎದ್ದು ಹೋಗುತ್ತಾರೆ, ಅಷ್ಟೇ.

ಪಾತ್‌ಫೈಂಡರ್‌ನಲ್ಲಿ ಈ ಅಂಕಿಗಳಿಗೆಲ್ಲ ಲೆವೆಲ್ ಪೂರ್ತಿಯಾಗಿ ಸೇರುತ್ತದೆ, ಹತ್ತನೇ ಲೆವೆಲ್ ಅಂದರೆ ಹತ್ತು. ಡಿ ಅಂಡ್ ಡಿಯಲ್ಲಿ ವೀರರ ಪ್ರೊಫಿಶಿಯೆನ್ಸಿ ಬೋನಸ್ (ಪಳಗಿದ್ದಕ್ಕೆ ಸೇರುವ ಅಂಕಿ) 2ರಿಂದ ಹೊರಟು 6ಕ್ಕೆ ನಿಂತುಬಿಡುತ್ತದೆ. ಹಾಗಾಗಿ ಎಸಿ, ಹೊಡೆತ, ಸೇವ್ ಡಿಸಿ (ಜೀವಿಯ ಚೇಷ್ಟೆಯಿಂದ ಪಾರಾಗಲು ಮುಟ್ಟಬೇಕಾದ ಮೊತ್ತ) ಮೂರನ್ನೂ ಹೊಸದಾಗಿ ಹಾಕಬೇಕು. ಡಂಜನ್ ಮಾಸ್ಟರ್ಸ್ ಗೈಡಿನಲ್ಲಿ ಸಿಆರ್ (ಜೀವಿ ಎಷ್ಟು ಕಠಿಣ ಅನ್ನುವ ಅಂಕಿ) ಪ್ರಕಾರ ಒಂದು ಪಟ್ಟಿ ಇದೆಯಲ್ಲ, ನಾನು ಅದನ್ನೇ ಹಿಡಿಯುವುದು. ಸಿಆರ್ 3ಕ್ಕೆ ಎಸಿ 13, ಹೊಡೆತ +4, ಡಿಸಿ 13. ಪಾತ್‌ಫೈಂಡರ್‌ನಲ್ಲಿ ಆ ಜೀವಿ ತನ್ನ ಲೆವೆಲ್ಲಿಗೆ ಮೀರಿ ಜೋರಾಗಿ ಹೊಡೆಯುವಂಥದ್ದಾದರೆ ಇಲ್ಲೂ ಒಂದೆರಡು ಸೇರಿಸುತ್ತೇನೆ.

ಎಚ್‌ಪಿ (ಎಷ್ಟು ಪೆಟ್ಟು ತಡೆಯುತ್ತದೆ ಅನ್ನುವ ಅಂಕಿ) ಮಾತ್ರ ಆ ಪಟ್ಟಿಯಿಂದ ತಗೊಳ್ಳಬೇಡಿ. ಸಿಆರ್ 3ಕ್ಕೆ 101ರಿಂದ 115 ಅನ್ನುತ್ತದೆ ಪಟ್ಟಿ. ಅದೇ ಡಿ ಅಂಡ್ ಡಿಯ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಔಲ್‌ಬೇರ್‌ಗೆ ಇರುವುದು 59! ಪಾತ್‌ಫೈಂಡರ್ ಕೊಡುವುದು 70. ಓಗರ್‌ಗೆ ಇಲ್ಲಿ ಡಿ ಅಂಡ್ ಡಿಯಲ್ಲಿ 59, ಅಲ್ಲಿ ಪಾತ್‌ಫೈಂಡರ್‌ನಲ್ಲಿ 50. ಗಾಬ್ಲಿನ್‌ಗೆ 7 ಮತ್ತು 6. ಸಣ್ಣ ಲೆವೆಲ್ಲಿನಲ್ಲಿ ಎರಡೂ ಹತ್ತಿರ ಹತ್ತಿರವೇ ಇವೆ. ಬೆಸ್ಟಿಯರಿಯಲ್ಲಿದ್ದ ಎಚ್‌ಪಿಯನ್ನು ಹಾಗೇ ಇಟ್ಟರೂ ಆಟ ಕೆಡುವುದಿಲ್ಲ. ಟ್ರೋಲ್‌ನಿಂದ ಮುಂದೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ: ಇಲ್ಲಿ 84, ಅಲ್ಲಿ 115.

ಇನ್ನು ಸಿಆರ್ ಯಾವುದು ಅಂತ ನಿಶ್ಚಯ ಮಾಡುವುದು. ಪಾತ್‌ಫೈಂಡರ್‌ನ ನಾಲ್ಕನೇ ಲೆವೆಲ್ ಜೀವಿ ಹೆಚ್ಚುಕಡಿಮೆ ನಾಲ್ಕನೇ ಲೆವೆಲ್ಲಿನ ಒಬ್ಬ ವೀರನಿಗೆ ಸಮ. ಸಿಆರ್ 4 ಅಂದರೆ ಆ ಲೆವೆಲ್ಲಿನ ನಾಲ್ಕು ಜನ ಸೇರಿ ಎದುರಿಸುವಂಥದ್ದು. ಆದ್ದರಿಂದ ಕೆಳಗಿನ ಲೆವೆಲ್ಲುಗಳಲ್ಲಿ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ಓಗರ್ ಅಲ್ಲಿ 3, ಇಲ್ಲಿ 2. ಔಲ್‌ಬೇರ್ ಅಲ್ಲಿ 4, ಇಲ್ಲಿ 3. ಟ್ರೋಲ್ ಮಾತ್ರ ಎರಡೂ ಕಡೆ 5, ಅದಕ್ಕೆ ಯಾರ ಮಾತೂ ಕೇಳಿ ಗೊತ್ತಿಲ್ಲ.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂದರೆ, ಈ ಪುಸ್ತಕದ ಜೀವಿಗಳಿಗೆ ಒಂದೊಂದಕ್ಕೂ ಒಂದು ಚೇಷ್ಟೆ ಇದೆ. ನಮ್ಮ ಔಲ್‌ಬೇರ್ ಕೊಕ್ಕಿಂದ ಒಂದು, ಪಂಜದಿಂದ ಒಂದು ಹೊಡೆದು ಸುಮ್ನೆ ನಿಲ್ಲುತ್ತದೆ. ಪಾತ್‌ಫೈಂಡರ್‌ನದು ಚೀರುತ್ತಲೇ ಮುನ್ನುಗ್ಗುತ್ತದೆ, ಬಡಗುತಿಟ್ಟಿನ ರಾಕ್ಷಸ ವೇಷ ಅಬ್ಬರಿಸಿ ರಂಗಕ್ಕೆ ಬಂದ ಹಾಗೆ. ಆಮೇಲೆ ಪಂಜದಲ್ಲಿ ಹಿಡಿದು ಕಚ್ಚುತ್ತದೆ. ಅಲ್ಲಿ ಒಂದು ಸರದಿಗೆ ಮೂರು ಆ್ಯಕ್ಷನ್, ಹಾಗಾಗಿ ಇದೆಲ್ಲ ಸಾಧ್ಯ. ನಾನು ಆ ಚೀರಾಟವನ್ನು ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಕೆಲಸ) ಮಾಡಿದೆ, ಕೇಳಿದವರು ಹೆದರದಿರಲು ವಿಸ್ಡಮ್ ಸೇವ್ ಡಿಸಿ 13. ಒಂದು ಎಚ್ಚರಿಕೆ: ಅಲ್ಲಿ ಹೆದರಿಕೆಗೆ ಅಂಕಿ ಇದೆ, ಸರದಿ ಸರದಿಗೆ ಒಂದೊಂದೇ ಇಳಿಯುತ್ತದೆ. ಇಲ್ಲಿ ಹೆದರಿದವರು ಹತ್ತಿರವೇ ಹೋಗುವಂತಿಲ್ಲ, ಹೊಡೆತವೂ ಡಿಸ್‌ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಹಾಕಿ ಕಡಿಮೆ ಬಿದ್ದದ್ದನ್ನೇ ಹಿಡಿಯಬೇಕು. ಅದಕ್ಕೆ ಒಂದೇ ಸರದಿಯ ಮಿತಿ ಹಾಕಿ. ಇಲ್ಲದಿದ್ದರೆ ಕೈಗೆ ಕತ್ತಿ ಹಿಡಿದವರು ಆಟವಿಡೀ ದೂರ ನಿಂತೇ ಕಳೆಯಬೇಕು.

ನನಗೆ ತೀರಾ ಹಿಡಿಸಿದ್ದು ರೀಫ್‌ಕ್ಲಾ. ಹಾವುಮೀನಿನ ಮೈ, ಏಡಿಯ ಹಾಗೆ ದೊಡ್ಡ ಕೊಂಡಿ, ಸಾಯುವಾಗಲೂ ರೊಚ್ಚಿಗೆದ್ದು ಹೊಡೆದೇ ಸಾಯುವ ಜಾತಿ. ಮೊದಲನೇ ಲೆವೆಲ್, ನಾನು ಸಿಆರ್ ಅರ್ಧಕ್ಕೆ ಇಳಿಸಿದೆ. ಅಘನಾಶಿನಿ ಅಳಿವೆಯಲ್ಲಿ, ನೀರಿಳಿತದ ಹೊತ್ತಿಗೆ ಬಳಚು ಹೆಕ್ಕುವವರ ಕಾಲಿಗೆ ಬಿಟ್ಟೆ. ಗೆದ್ದೆವು ಎಂದು ಕುಣಿದವರಿಗೆ ಕೊನೆಯ ಪೆಟ್ಟು ಬಿತ್ತು. ನಮ್ಮಲ್ಲಿ ಒಬ್ಬ ತದಡಿ ಕಡೆಯವನು. ಅವನ ಮುಖ ನೋಡಬೇಕಿತ್ತು.

ಪುಸ್ತಕದ ಮೇಲೆ ದೂರು ಇಲ್ಲ ಅಂತಲ್ಲ. ಸ್ವಂತ ಜೀವಿ ಕಟ್ಟುವ ಕೋಷ್ಟಕಗಳು ಇದರಲ್ಲಿ ಇಲ್ಲ, 2020ರ ಗೇಮ್‌ಮಾಸ್ಟರಿ ಗೈಡ್‌ಗೆ ಹೋಗಬೇಕು. ಆ ಕೋಷ್ಟಕ ಕೈಯಲ್ಲಿದ್ದರೇ ಒಂದು ಎಸಿ ಆ ಲೆವೆಲ್ಲಿಗೆ ಮೇಲಿನದೋ ಸಾಧಾರಣವೋ ತಿಳಿಯೋದು. ಔಲ್‌ಬೇರ್‌ನ 21 ಮೇಲಿನ ಸಾಲಿನದು. ನಾನು ತಗೊಂಡದ್ದು ಸಣ್ಣ ಅಳತೆಯ ಪಾಕೆಟ್ ಆವೃತ್ತಿ. ಚಿತ್ರಗಳು ಚೆನ್ನಾಗಿವೆ, ಅಕ್ಷರ ಮಾತ್ರ ಇರುವೆ ಸಾಲು. ಮಳೆಗಾಲದಲ್ಲಿ ಕರೆಂಟು ಹೋದಾಗ ಮೊಬೈಲ್ ಬೆಳಕಲ್ಲಿ ಓದಲಿಕ್ಕೆ ಆಗುವುದಿಲ್ಲ. ಕಳಿಸಿದ ಅಂಗಡಿಯವರು ತೆಳು ಲಕೋಟೆಗೆ ತುರುಕಿದ್ದರು, ಮೂಲೆ ಮಡಚಿಯೇ ಬಂತು.

ದುಡ್ಡು ಕೊಡಬೇಕಾ ಅಂತ ಕೇಳಿದರೆ, ಅಂಕಿ ಅಂಶ ಅಷ್ಟೇ ಸಾಕು ಅನ್ನುವವರಿಗೆ ಬೇಡ. ಆರ್ಕೈವ್ಸ್ ಆಫ್ ನೆಥಿಸ್ ವೆಬ್‌ಸೈಟಿನಲ್ಲಿ ಎಲ್ಲ ಜೀವಿಗಳೂ ಪುಕ್ಕಟೆ ಸಿಗುತ್ತವೆ, ಅದೂ ಪೈಜೋ ಒಪ್ಪಿಗೆಯಿಂದಲೇ. ಪುಟ ತಿರುಗಿಸುತ್ತಾ ಹೊಸ ಐಡಿಯಾ ಹುಡುಕುವ ನನ್ನಂಥವರು ಗಟ್ಟಿ ರಟ್ಟಿನದು ತರಿಸಿ, ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. 2024ರಲ್ಲಿ ಇದರ ಜಾಗಕ್ಕೆ ಮಾನ್‌ಸ್ಟರ್ ಕೋರ್ ಬಂದಿದೆ. ಅದರಲ್ಲಿ ಹಳೆಯ ಕೆಂಪು, ಕಪ್ಪು, ಹಸಿರು ಡ್ರ್ಯಾಗನ್‌ಗಳನ್ನು ತೆಗೆದು ಬೇರೆಯವನ್ನು ಹಾಕಿದ್ದಾರೆ. ಅವೇ ಬೇಕು ಅನ್ನುವವರು ಅಂಗಡಿಯಲ್ಲಿ 2019ರದ್ದನ್ನೇ ಕೇಳಿ.