ಪ್ರೋಟಿಯಾಸೋಮ್ ಚಟುವಟಿಕೆ ಪರೀಕ್ಷಾ ಕಿಟ್: ಅದು ಅಳೆಯುವುದೇನು, ಅಳೆಯದೆ ಬಿಡುವುದೇನು

ಜೀವಕೋಶದಲ್ಲಿ ಕೆಟ್ಟುಹೋದ ಪ್ರೋಟೀನ್‌ಗಳನ್ನು ಕಡಿದುಹಾಕುವ ಮುಖ್ಯ ವ್ಯವಸ್ಥೆಯಾದ ಪ್ರೋಟಿಯಾಸೋಮ್ ಎಷ್ಟು ಚುರುಕಾಗಿದೆ ಎಂದು ಅಳೆಯಲು ಜೀವರಾಸಾಯನಿಕ ಸಾಮಗ್ರಿಗಳನ್ನು ಮಾರುವ ಹಲವು ಕಂಪನಿಗಳು ಸಿದ್ಧ ಕಿಟ್‌ಗಳನ್ನು ಕೊಡುತ್ತವೆ. ಡಬ್ಬಿಯ ಮೇಲಿನ ಹೆಸರು ಬೇರೆಯಾದರೂ ಒಳಗಿರುವುದು ಬಹುಮಟ್ಟಿಗೆ ಒಂದೇ: ಒಂದು ಸಣ್ಣ ಪೆಪ್ಟೈಡ್ (ಕೆಲವೇ ಅಮೈನೋ ಆಮ್ಲಗಳ ತುಣುಕು), ಒಂದು ಬಫರ್ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ), ಹೋಲಿಕೆಗಾಗಿ ಎಎಂಸಿ ಎಂಬ ಪ್ರತಿದೀಪ್ತ ವಸ್ತು ಮತ್ತು ಪ್ರೋಟಿಯಾಸೋಮನ್ನು ತಡೆಯುವ ಎಂಜಿ-132ರಂಥ ಒಂದು ಪ್ರತಿಬಂಧಕ. ಆದ್ದರಿಂದ ಇದನ್ನು ಯಾವುದೋ ಒಂದು ಕಂಪನಿಯ ವಿಮರ್ಶೆಯೆಂದು ಓದದೆ, ಈ ಬಗೆಯ ಕಿಟ್‌ನ ವಿಮರ್ಶೆಯೆಂದು ಓದಬೇಕಾಗಿ ಕೋರುತ್ತೇನೆ. ಉತ್ಕರ್ಷಣದಿಂದ ಹಾನಿಗೊಂಡ ಪ್ರೋಟೀನ್‌ಗಳ ಕುರಿತ ಕೆಲಸಕ್ಕೆ ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಬಳಸಿದ್ದೇವೆ. ತಾನು ಅಳೆಯುವುದನ್ನು ಈ ಕಿಟ್ ಬಹಳ ಚೆನ್ನಾಗಿ ಅಳೆಯುತ್ತದೆ. ಆದರೆ ಹಾನಿಗೊಂಡ ಪ್ರೋಟೀನ್ ಕೋಶದಲ್ಲಿ ನಿಜವಾಗಿಯೂ ಒಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಇದೊಂದರಿಂದಲೇ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿಟ್‌ನ ಮಹತ್ವ ತಿಳಿಯಬೇಕಾದರೆ ಮೊದಲು ಕೋಶದ ಕಷ್ಟವನ್ನು ನೋಡಬೇಕು. ಆಮ್ಲಜನಕವನ್ನು ಬಳಸಿ ಬದುಕುವ ಕೋಶಗಳಲ್ಲಿ ಸೂಪರ್‌ಆಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತಲೇ ಇರುತ್ತವೆ. ಪೆರಾಕ್ಸೈಡ್‌ಗೆ ಬಿಡಿ ಕಬ್ಬಿಣದ ಅಯಾನು ಸಿಕ್ಕಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಉಂಟಾಗಿ, ತನ್ನ ಪಕ್ಕದಲ್ಲೇ ಇರುವ ಪ್ರೋಟೀನಿನ ಮೇಲೆ ಎರಗುತ್ತದೆ. ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕ ಅಂಟಿಕೊಂಡಿದ್ದರೆ ಅದನ್ನು ಬಿಡಿಸಿ ಸರಿಪಡಿಸುವ ಕಿಣ್ವ ಕೋಶದಲ್ಲಿದೆ. ಆದರೆ ಲೈಸಿನ್, ಆರ್ಜಿನಿನ್, ಪ್ರೋಲಿನ್, ಥ್ರಿಯೋನಿನ್‌ಗಳ ಪಾರ್ಶ್ವ ಸರಪಳಿಗಳಲ್ಲಿ ಕಾರ್ಬೊನಿಲ್ ಗುಂಪುಗಳು (ಇಂಗಾಲಕ್ಕೆ ಜೋಡಿಬಂಧದಲ್ಲಿ ಸೇರಿದ ಆಮ್ಲಜನಕ) ಉಂಟಾದ ಮೇಲೆ ಇಡೀ ಪ್ರೋಟೀನನ್ನೇ ಕಡಿದು, ಅದರ ಅಮೈನೋ ಆಮ್ಲಗಳನ್ನು ಮರಳಿ ಬಳಸಿಕೊಳ್ಳುವುದೇ ಕೋಶಕ್ಕೆ ಉಳಿಯುವ ದಾರಿ. ಹಾನಿಗೊಂಡ ಪ್ರೋಟೀನಿನ ಮಡಿಕೆ ಸಡಿಲವಾಗಿ, ಒಳಗಡೆ ಅಡಗಿದ್ದ ನೀರಿಗೆ ಒಗ್ಗದ ಭಾಗಗಳು ಹೊರಗೆ ಕಾಣಿಸಿಕೊಂಡಾಗ ಅದು ಪ್ರೋಟಿಯಾಸೋಮ್‌ಗೆ ಸುಲಭದ ತುತ್ತಾಗುತ್ತದೆ. ಹಾನಿ ಅತಿಯಾದರೆ ಪರಿಸ್ಥಿತಿ ತಿರುಗಿಬೀಳುತ್ತದೆ. ಪ್ರೋಟೀನ್‌ಗಳು ಒಂದಕ್ಕೊಂದು ಬೆಸೆದುಕೊಂಡು ಗಂಟಾಗುತ್ತವೆ, ಒಡೆಯಲಾರದಂತಾಗುತ್ತವೆ, ಕೊನೆಗೆ ಪ್ರೋಟಿಯಾಸೋಮ್‌ನ ಕೆಲಸಕ್ಕೇ ಅಡ್ಡಿಯಾಗುತ್ತವೆ.

ಪ್ರೋಟಿಯಾಸೋಮ್‌ನ ತಿರುಳು 20ಎಸ್ ಎಂಬ ಟೊಳ್ಳು ಕೊಳವೆ. ಏಳೇಳು ಘಟಕಗಳ ನಾಲ್ಕು ಉಂಗುರಗಳು, ಒಟ್ಟು 28 ಘಟಕಗಳು, ಸುಮಾರು 700 ಕಿಲೋಡಾಲ್ಟನ್ ತೂಕ. ಕಡಿಯುವ ಜಾಗಗಳು ಒಳಗಿನ ಎರಡು ಬೀಟಾ ಉಂಗುರಗಳಲ್ಲಿವೆ. ಹೊರಗಿನ ಆಲ್ಫಾ ಉಂಗುರಗಳ ತುದಿಗಳು ಬಾಗಿಲಿನಂತೆ ದಾರಿಯನ್ನು ಮುಚ್ಚಿಕೊಂಡಿರುತ್ತವೆ. ಇದಕ್ಕೆ 19ಎಸ್ ಎಂಬ ಮುಚ್ಚಳ ಸೇರಿದಾಗ 26ಎಸ್ ಆಗುತ್ತದೆ. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಾಗಿ ಅಂಟಿಸಿದ ಪ್ರೋಟೀನ್‌ಗಳನ್ನು, ಕೋಶದ ಶಕ್ತಿಯ ಅಣುವಾದ ಎಟಿಪಿ ಖರ್ಚು ಮಾಡಿ ಬಿಚ್ಚಿ ಒಳಗೆ ತಳ್ಳುವುದು ಈ ದೊಡ್ಡ ರೂಪ. ಆ ಯುಬಿಕ್ವಿಟಿನ್ ಮಾರ್ಗವನ್ನು ಕಂಡುಹಿಡಿದದ್ದಕ್ಕಾಗಿಯೇ ಆರನ್ ಚೀಹಾನೋವರ್, ಅವ್ರಾಮ್ ಹರ್ಷ್ಕೋ ಮತ್ತು ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಆದರೆ ಉತ್ಕರ್ಷಣಗೊಂಡ ಪ್ರೋಟೀನ್‌ಗಳ ವಿಷಯದಲ್ಲಿ ಕೆಲ್ವಿನ್ ಡೇವೀಸ್, ಟಿಲ್ಮನ್ ಗ್ರೂನೆ ಮೊದಲಾದವರ ಪ್ರಯೋಗಗಳು ತೋರಿಸಿದ್ದು ಬೇರೆಯೇ: ಈಗಾಗಲೇ ಮಡಿಕೆ ಬಿಚ್ಚಿಕೊಂಡಿರುವ ಇಂಥ ಪ್ರೋಟೀನನ್ನು ಎಟಿಪಿಯೂ ಯುಬಿಕ್ವಿಟಿನ್ನೂ ಇಲ್ಲದೆ 20ಎಸ್ ತಾನಾಗಿಯೇ ಕಡಿಯಬಲ್ಲದು. ಈ ವ್ಯತ್ಯಾಸವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಕಿಟ್‌ನ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ.

ಕಿಟ್ ಕೆಲಸ ಮಾಡುವ ಕ್ರಮ ಸರಳವಾಗಿದೆ. ಅದರಲ್ಲಿರುವ ಪೆಪ್ಟೈಡ್‌ನಲ್ಲಿ ಲ್ಯೂಸಿನ್, ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಎಂಬ ನಾಲ್ಕು ಅಮೈನೋ ಆಮ್ಲಗಳಿದ್ದು, ಅದರ ತುದಿಗೆ ಎಎಂಸಿ ಜೋಡಿಸಲಾಗಿದೆ. ಬೀಟಾ-5 ಘಟಕದ ಕೈಮೋಟ್ರಿಪ್ಸಿನ್ ಮಾದರಿಯ ಜಾಗ ಟೈರೋಸಿನ್‌ನ ಪಕ್ಕದಲ್ಲಿ ಕಡಿದಾಗ ಎಎಂಸಿ ಬಿಡುಗಡೆಯಾಗಿ, ಸುಮಾರು 380 ನ್ಯಾನೊಮೀಟರ್ ಬೆಳಕು ಹಾಯಿಸಿದರೆ ಸುಮಾರು 460 ನ್ಯಾನೊಮೀಟರ್‌ನಲ್ಲಿ ಹೊಳೆಯುತ್ತದೆ. ಕೋಶಗಳನ್ನು ಒಡೆದು ತೆಗೆದ ರಸವನ್ನು ಕಪ್ಪು ಮೈಕ್ರೋಪ್ಲೇಟಿನ ಕುಳಿಗಳಲ್ಲಿ ಹಾಕಿ, ಪೆಪ್ಟೈಡ್ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ಲೇಟ್ ರೀಡರ್‌ನೊಳಗಿಟ್ಟರೆ ಹೊಳಪನ್ನು ತೋರಿಸುವ ಗೆರೆ ಏರುತ್ತಾ ಹೋಗುವುದನ್ನು ಕಣ್ಣಾರೆ ನೋಡಬಹುದು. ಪ್ರತಿಬಂಧಕ ಹಾಕಿದ ಕುಳಿಯಲ್ಲಿ ಗೆರೆ ಬಹುತೇಕ ಮಲಗಿಬಿಡುತ್ತದೆ. ವಿದ್ಯಾರ್ಥಿಗಳಿಗೆ ಕಿಣ್ವದ ವೇಗ ಎಂದರೇನು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ. ಒಂದೇ ರಸದ ಎರಡು ಕುಳಿಗಳ ಅಳತೆಗಳು ಹತ್ತಿರ ಹತ್ತಿರ ಬರುತ್ತವೆ, ಮಾದರಿ ಕಡಿಮೆಯೇ ಸಾಕಾಗುತ್ತದೆ, ಸೂಚನಾಪತ್ರವೂ ಗೊಂದಲವಿಲ್ಲದೆ ಬರೆದದ್ದಾಗಿದೆ. ಈ ಮಟ್ಟಿಗೆ ಕಿಟ್‌ಗೆ ಪೂರ್ಣ ಅಂಕ ಕೊಡುತ್ತೇನೆ.

ತೊಂದರೆ ಇರುವುದು ಅಳತೆಯಲ್ಲಲ್ಲ, ಅದರ ಅರ್ಥದಲ್ಲಿ. ನಾಲ್ಕು ಅಮೈನೋ ಆಮ್ಲಗಳ ತುಣುಕಿಗೆ ಬಿಚ್ಚಿಕೊಳ್ಳಬೇಕಾದ ಮಡಿಕೆ ಇಲ್ಲ, ಯುಬಿಕ್ವಿಟಿನ್ ಬೇಕಿಲ್ಲ, ಹಾನಿಗೊಂಡಿದೆ ಎಂದು ಗುರುತಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ. ಬಾಗಿಲು ತೆರೆದಿದ್ದರೆ ಅದು ಒಳಗೆ ಹೋಗುತ್ತದೆ, ಅಷ್ಟೇ. ಬಫರ್‌ನಲ್ಲಿ ಎಟಿಪಿ ಮತ್ತು ಮೆಗ್ನೀಸಿಯಮ್ ಇದ್ದರೆ 26ಎಸ್ ಬಿಡಿಯಾಗದೆ ಉಳಿಯುತ್ತದೆ, ಬರುವ ಅಂಕಿಯಲ್ಲಿ ಅದರ ಪಾಲೇ ಹೆಚ್ಚಾಗಿರುತ್ತದೆ. ಎಟಿಪಿ ಬಿಟ್ಟು ಅತ್ಯಲ್ಪ ಪ್ರಮಾಣದ ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿದರೆ ಮುಚ್ಚಿಕೊಂಡಿದ್ದ 20ಎಸ್ ಬಾಗಿಲು ತೆರೆದು ಅದರ ಚಟುವಟಿಕೆ ಕಾಣಿಸಿಕೊಳ್ಳುತ್ತದೆ. ನಮಗೆ ಬಂದ ಕಿಟ್‌ನ ಸೂಚನಾಪತ್ರ ಇವೆರಡರ ನಡುವಿನ ವ್ಯತ್ಯಾಸದ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಪೆರಾಕ್ಸೈಡ್ ಹಾಕಿ ಬೆಳೆಸಿದ ಕೋಶಗಳ ಮೇಲೆ ಕೆಲಸ ಮಾಡುವವರಿಗೆ ಇದು ಗಂಭೀರ ಲೋಪ. ಉತ್ಕರ್ಷಣದ ಒತ್ತಡಕ್ಕೆ 26ಎಸ್ ಬೇಗ ಸೋಲುತ್ತದೆ, 20ಎಸ್ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು 1990ರ ದಶಕದಿಂದಲೇ ತಿಳಿದ ಸಂಗತಿ. ಎಟಿಪಿ ಇರುವ ಬಫರ್‌ನಲ್ಲಿ ಮಾತ್ರ ಅಳೆದವರು ಗೆರೆ ಇಳಿದದ್ದನ್ನು ನೋಡಿ ಕೋಶ ಹಾನಿಗೊಂಡ ಪ್ರೋಟೀನ್‌ಗಳನ್ನು ಒಡೆಯುವುದನ್ನೇ ನಿಲ್ಲಿಸಿತು ಎಂದು ಬರೆದುಬಿಡಬಹುದು. ಅದೇ ಹೊತ್ತಿಗೆ ಆ ಕೆಲಸವನ್ನು 20ಎಸ್ ಮುಂದುವರಿಸುತ್ತಿರಬಹುದು. ಹೀಗಾಗಿ ಪ್ರತಿಯೊಂದು ಮಾದರಿಯನ್ನೂ ಎರಡು ಬಗೆಯ ಬಫರ್‌ಗಳಲ್ಲಿ ಅಳೆಯಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಜೊತೆಗೆ ಹಾನಿಯ ಗುರುತಾದ ಕಾರ್ಬೊನಿಲ್ ಅಳತೆಯನ್ನೂ ಮಾಡಬೇಕು. ಅದಕ್ಕೆ ಡಿಎನ್‌ಪಿಎಚ್ (ಡೈನೈಟ್ರೋಫೀನೈಲ್‌ಹೈಡ್ರಜೀನ್) ಎಂಬ ವಸ್ತುವನ್ನು ಬಳಸುವ ಹಳೆಯ ವಿಧಾನವೇ ಈಗಲೂ ನಂಬಲರ್ಹ. ಆ ವಸ್ತು ಕಾರ್ಬೊನಿಲ್ ಗುಂಪುಗಳಿಗೆ ಅಂಟಿಕೊಂಡು, ಸುಮಾರು 370 ನ್ಯಾನೊಮೀಟರ್‌ನ ಬೆಳಕನ್ನು ಹೀರುವ ಹೈಡ್ರಜೋನ್ ಆಗುತ್ತದೆ. ಪ್ರೋಟೀನನ್ನು ಟ್ರೈಕ್ಲೋರೋಅಸಿಟಿಕ್ ಆಮ್ಲದಿಂದ ಕೆಳಗಿಳಿಸಿ, ಎಥನಾಲ್ ಮತ್ತು ಎಥಿಲ್ ಅಸಿಟೇಟ್ ಮಿಶ್ರಣದಲ್ಲಿ ಮತ್ತೆ ಮತ್ತೆ ತೊಳೆದು ಉಳಿದ ಡಿಎನ್‌ಪಿಎಚ್ ತೆಗೆಯಬೇಕು. ತೊಳೆಯುವಲ್ಲಿ ಅವಸರ ಮಾಡಿದರೆ ಅಂಕಿ ಸುಳ್ಳು ಹೇಳುತ್ತದೆ. ರಸದಲ್ಲಿ ಡಿಎನ್‌ಎ, ಆರ್‌ಎನ್‌ಎ ಉಳಿದಿದ್ದರೂ ಕಾರ್ಬೊನಿಲ್ ಹೆಚ್ಚಾಗಿ ಕಾಣುತ್ತದೆ, ಆದ್ದರಿಂದ ಮೊದಲೇ ಸ್ಟ್ರೆಪ್ಟೊಮೈಸಿನ್ ಸಲ್ಫೇಟ್‌ನಿಂದ ಅವನ್ನು ಬೇರ್ಪಡಿಸುವುದು ಒಳ್ಳೆಯದು. ಒಣಗಿದ ಡಿಎನ್‌ಪಿಎಚ್ ಸ್ಫೋಟಕ ಸ್ವಭಾವದ್ದು. ಅದನ್ನು ನೀರಿನಂಶ ಇರುವಂತೆಯೇ ಮಾರುತ್ತಾರೆ, ಹಾಗೆಯೇ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಶ್ರಮಪಟ್ಟ ಮೇಲೂ ಕಾರ್ಬೊನಿಲ್ ಏರಿದ್ದು ಹಾನಿ ಹೆಚ್ಚಾದುದರಿಂದಲೋ ವಿಲೇವಾರಿ ಕಡಿಮೆಯಾದುದರಿಂದಲೋ ಎಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ. ಅಲ್ಲಿ ಪ್ರೋಟಿಯಾಸೋಮ್ ಕಿಟ್ ನಿಜವಾಗಿ ನೆರವಿಗೆ ಬರುತ್ತದೆ: ಒತ್ತಡವನ್ನು ತೆಗೆದ ನಂತರದ ಗಂಟೆಗಳಲ್ಲಿ ಎರಡೂ ಅಳತೆಗಳನ್ನು ಜೊತೆಯಾಗಿ ತೆಗೆದುಕೊಂಡು, ಪ್ರತಿಬಂಧಕ ಹಾಕಿದ ಕೋಶಗಳೊಂದಿಗೆ ಹೋಲಿಸಿ ನೋಡಿದಾಗ ಚಿತ್ರ ಸ್ಪಷ್ಟವಾಗುತ್ತದೆ.

ಕಿಟ್‌ನೊಂದಿಗೆ ಬರುವ ಎಂಜಿ-132 ಬಗ್ಗೆ ಒಂದು ಎಚ್ಚರಿಕೆ. ಅದು ಪ್ರೋಟಿಯಾಸೋಮನ್ನಷ್ಟೇ ಅಲ್ಲ, ಕ್ಯಾಲ್ಪೇನ್ ಮತ್ತು ಕೆಲವು ಕ್ಯಾಥೆಪ್ಸಿನ್‌ಗಳೆಂಬ ಪ್ರೋಟೀನ್ ಕಡಿಯುವ ಬೇರೆ ಕಿಣ್ವಗಳನ್ನೂ ತಡೆಯುತ್ತದೆ. ಕಿಟ್‌ನ ಪೆಪ್ಟೈಡನ್ನು ಕ್ಯಾಲ್ಪೇನ್ ಕೂಡ ಕಡಿಯಬಲ್ಲದು. ಅಂದರೆ ಎಂಜಿ-132 ಹಾಕಿದಾಗ ಇಳಿದ ಚಟುವಟಿಕೆಯೆಲ್ಲವೂ ಪ್ರೋಟಿಯಾಸೋಮ್‌ದೇ ಎಂದು ಹೇಳಲಾಗದು. ಹೆಚ್ಚು ಆಯ್ದು ಕೆಲಸ ಮಾಡುವ ಎಪಾಕ್ಸೊಮೈಸಿನ್ ಎಂಬ ಪ್ರತಿಬಂಧಕವನ್ನು ಬೇರೆಯಾಗಿ ಕೊಂಡು ಕನಿಷ್ಠ ಕೆಲವು ಮಾದರಿಗಳಲ್ಲಿ ಪರಿಶೀಲಿಸುವುದು ಒಳ್ಳೆಯದು. ಕಡಿಯುವ ಉಳಿದೆರಡು ಜಾಗಗಳಾದ ಬೀಟಾ-1 ಮತ್ತು ಬೀಟಾ-2ಕ್ಕೆ ಬೇರೆ ಪೆಪ್ಟೈಡ್‌ಗಳು ಬೇಕು, ಅವು ಈ ಡಬ್ಬಿಯಲ್ಲಿ ಇರುವುದಿಲ್ಲ.

ಸಾಗಣೆಯ ವಿಷಯವನ್ನೂ ಹೇಳಬೇಕು. ಬೇಸಿಗೆಯಲ್ಲಿ ತರಿಸಿದ ಒಂದು ಪೆಟ್ಟಿಗೆಯಲ್ಲಿ ತಂಪುಚೀಲಗಳು ಪೂರ್ತಿ ಕರಗಿದ್ದವು, ಸರಬರಾಜುದಾರರು ಬದಲಿ ಕೊಡಲು ಬಹಳ ಹಿಂಜರಿದರು. ಪೆಪ್ಟೈಡ್ ಅಷ್ಟಾಗಿ ಕೆಟ್ಟಿರಲಿಲ್ಲ, ಆದರೆ ಆ ಕಿಟ್‌ನಲ್ಲಿ ಹೋಲಿಕೆಗೆಂದು ಜೊತೆಗೆ ಕೊಟ್ಟಿದ್ದ ಶುದ್ಧ ಪ್ರೋಟಿಯಾಸೋಮ್ ಬಹುಪಾಲು ಸತ್ತುಹೋಗಿತ್ತು. ಪೆಟ್ಟಿಗೆ ತೆರೆದ ಕೂಡಲೇ ಆ ಮಾದರಿಯನ್ನು ಮೊದಲು ಪರೀಕ್ಷಿಸಿ, ಉಳಿದದ್ದನ್ನು ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು; ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಅದು ಉಳಿಯುವುದಿಲ್ಲ.

ಮೈಟೊಕಾಂಡ್ರಿಯದೊಳಗಿನ ಹಾನಿಯನ್ನು ನೋಡುವವರು ಈ ಕಿಟ್‌ನಿಂದ ಏನನ್ನೂ ನಿರೀಕ್ಷಿಸಬಾರದು. ಅಲ್ಲಿ ಪ್ರೋಟಿಯಾಸೋಮ್ ಇಲ್ಲ. ಉತ್ಕರ್ಷಣಗೊಂಡ ಅಕೋನಿಟೇಸ್‌ನಂಥ ಪ್ರೋಟೀನನ್ನು ಕಡಿಯುವುದು ಲಾನ್ ಎಂಬ ಬೇರೆಯೇ ಕಿಣ್ವ. ಗಂಟುಗಟ್ಟಿದ ಪ್ರೋಟೀನ್‌ಗಳಲ್ಲಿ ಒಂದು ಪಾಲು ಲೈಸೊಸೋಮ್‌ಗೆ (ಕೋಶದ ಜೀರ್ಣಕ ಚೀಲಕ್ಕೆ) ಹೋಗುತ್ತದೆ, ಅದನ್ನೂ ಇದು ಮುಟ್ಟುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಲೈಸೊಸೋಮ್ ಕಳೆದುಕೊಂಡೂ ಪ್ರೋಟಿಯಾಸೋಮ್ ಉಳಿಸಿಕೊಂಡಿರುವ ಬಲಿತ ಕೆಂಪು ರಕ್ತಕಣಗಳಿಗೆ ಕಿಟ್ ಚೆನ್ನಾಗಿ ಹೊಂದುತ್ತದೆ, ಹಿಮೋಗ್ಲೋಬಿನ್ ಪ್ರತಿದೀಪ್ತಿಯನ್ನು ನುಂಗದಂತೆ ಮಾದರಿಯನ್ನು ಸಾಕಷ್ಟು ತೆಳುವಾಗಿಸಿದರೆ ಮಾತ್ರ.

ಮೊದಲ ಸಲ ಈ ಕೆಲಸಕ್ಕೆ ಇಳಿಯುವ ಸಂಶೋಧಕರಿಗೂ ಸ್ನಾತಕೋತ್ತರ ತರಗತಿಗಳಿಗೂ ಕಿಟ್ ಕೊಳ್ಳಿ ಎಂದೇ ಹೇಳುತ್ತೇನೆ. ನೂರಾರು ಮಾದರಿಗಳಿರುವವರು ಪೆಪ್ಟೈಡ್, ಎಎಂಸಿ, ಎಪಾಕ್ಸೊಮೈಸಿನ್‌ಗಳನ್ನು ಬಿಡಿಯಾಗಿ ಕೊಂಡು ಬಫರನ್ನು ತಾವೇ ತಯಾರಿಸಿಕೊಳ್ಳುವುದು ಲಾಭಕರ, ಆಗ ಎಟಿಪಿಯ ಪ್ರಮಾಣವೂ ಅವರ ಕೈಯಲ್ಲೇ ಇರುತ್ತದೆ. ತಯಾರಕರಲ್ಲಿ ನನ್ನ ಕೋರಿಕೆ ಎರಡು: 20ಎಸ್ ಮತ್ತು 26ಎಸ್ ಎರಡಕ್ಕೂ ಬೇರೆ ಬೇರೆ ಬಫರ್ ಕೊಡಿ, ಮತ್ತು ಪೆಪ್ಟೈಡ್‌ನ ಜೊತೆಗೆ ಉತ್ಕರ್ಷಣಗೊಳಿಸಿ ಪ್ರತಿದೀಪ್ತ ಗುರುತು ಹಚ್ಚಿದ ಒಂದು ಪೂರ್ಣ ಪ್ರೋಟೀನನ್ನೂ ಡಬ್ಬಿಯಲ್ಲಿಡಿ.