ಕ್ಯಾಲಿಬ್ರೇಟ್ ಮಾಡಿದ ಮಾನಿಟರ್ ನಂಬಿದೆ, 300 ಪುಸ್ತಕ ಕೆಟ್ಟವು

ಹಳೆಯ ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಕೊಳ್ಳುವ ಯೋಚನೆ ನಿಮಗಿದ್ದರೆ, ಅಥವಾ ಯಾರೋ ಕೊಟ್ಟದ್ದು ಆಗಲೇ ನಿಮ್ಮ ಮೇಜಿನ ಮೇಲಿದ್ದರೆ, ದಯವಿಟ್ಟು ಇದನ್ನು ಓದಿ. ಆಮೇಲೆ ಅದನ್ನು ಮಾನಿಟರ್ ಮೇಲೆ ಇಡಿ.

ನನಗೆ ಚಿತ್ರ ಬಿಡಿಸಲು ಕಲಿಸಿದ ಮೇಷ್ಟ್ರು ತಮ್ಮ 42 ವರ್ಣಚಿತ್ರಗಳನ್ನು ಸೇರಿಸಿ ಒಂದು ಪುಸ್ತಕ ಮಾಡಬೇಕೆಂದಿದ್ದರು. ಫೋಟೋ ತೆಗೆಯುವುದು, ಬಣ್ಣ ಸರಿಪಡಿಸುವುದು, ಪ್ರೆಸ್‌ಗೆ ಫೈಲ್ ಕಳಿಸುವುದು, ಎಲ್ಲವೂ ನನ್ನ ಹೊಣೆ. ಆ ಕೆಲಸಕ್ಕೆಂದೇ ವೈಡ್ ಗ್ಯಾಮಟ್ (ಮಾಮೂಲಿಗಿಂತ ಹೆಚ್ಚು ಬಣ್ಣ ತೋರಿಸುವ) ಮಾನಿಟರ್ ತಂದೆ. ಕ್ಯಾಲಿಬ್ರೇಷನ್‌ಗೆ, ಅಂದರೆ ಪರದೆಯ ಬಣ್ಣವನ್ನು ಅಳೆದು ಸರಿಹೊಂದಿಸಲು, ಒಂದು ಸೆಕೆಂಡ್ ಹ್ಯಾಂಡ್ ಕಲರಿಮೀಟರ್ ಕೊಂಡೆ. ಹೆಸರಾಂತ ಮಾಡೆಲ್ಲೇ. ಮಾರಿದವರು "ಜಾಸ್ತಿ ಬಳಸಿಲ್ಲ" ಎಂದರು. ಅದು ನಿಜವೇ ಇರಬಹುದು. ಆದರೆ ಅದು ಎಷ್ಟು ವರ್ಷ ಹಳೆಯದು ಎಂದು ನಾನು ಕೇಳಲಿಲ್ಲ.

ಉಳಿದದ್ದನ್ನೆಲ್ಲ ಕ್ರಮವಾಗಿಯೇ ಮಾಡಿದೆ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟೆ. ನೈಟ್ ಲೈಟ್, ಆಟೋ ಬ್ರೈಟ್‌ನೆಸ್, ಡೈನಮಿಕ್ ಕಾಂಟ್ರಾಸ್ಟ್ ಎಲ್ಲವನ್ನೂ ಆಫ್ ಮಾಡಿದೆ. ಬಿಳಿ 6500 ಕೆಲ್ವಿನ್, ಗಾಮಾ (ನಡುವಿನ ಛಾಯೆಗಳ ಹೊಳಪು) 2.2, ಬೆಳಕು 100 ನಿಟ್ಸ್ ಎಂದು ಗುರಿ ಇಟ್ಟೆ. ಮುದ್ರಣ ಕಪ್ಪಾಗಿ ಬರುತ್ತದೆ ಎಂದು ಕೊರಗುವ ಬಹಳ ಜನರ ಮಾನಿಟರ್ ಇದರ ಎರಡು ಮೂರು ಪಟ್ಟು ಪ್ರಖರವಾಗಿರುತ್ತದೆ, ಆ ತಪ್ಪು ನನ್ನಿಂದ ಆಗಲಿಲ್ಲ. ಕೊನೆಗೆ ಸಾಫ್ಟ್‌ವೇರ್ ಒಂದು ವರದಿ ಕೊಟ್ಟಿತು. ಬಿಳಿಯ ಡೆಲ್ಟಾ ಇ 0.4. ಡೆಲ್ಟಾ ಇ ಅಂದರೆ ಬರಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರ. ಅದು 1ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಇನ್ನೇನು ಬೇಕು ಅಂದುಕೊಂಡೆ.

ಪರದೆ ಮಾತ್ರ ನಸುಗೆಂಪಾಗಿ ಕಾಣುತ್ತಿತ್ತು. ಮೊದಲ ದಿನವೇ ಕಂಡಿತು. ಆದರೆ ಎಲ್ಲ ಕಡೆ ಹೇಳುವ ಮಾತು ಒಂದೇ ಅಲ್ವಾ? ಕಣ್ಣು ಮೋಸ ಹೋಗುತ್ತದೆ, ಮೀಟರ್ ಮೋಸ ಹೋಗುವುದಿಲ್ಲ, ಒಂದೆರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಹೌದು, ಹೊಂದಿಕೊಂಡಿತು. ಮೂರನೇ ದಿನ ಆ ಕೆಂಪು ನನಗೆ ಕಾಣಲೇ ಇಲ್ಲ. ಆದರೆ ಮೇಷ್ಟ್ರ ಮೂಲ ಚಿತ್ರವನ್ನು ಪಕ್ಕದಲ್ಲಿ ಇಟ್ಟು ನೋಡಿದಾಗಲೆಲ್ಲ ಪರದೆಯ ಚಿತ್ರ ಕೆಂಪಗೆ ಕಾಣುತ್ತಿತ್ತು. ಕ್ಯಾಮೆರಾದ್ದೋ ದೀಪದ್ದೋ ತಪ್ಪಿರಬೇಕು ಎಂದುಕೊಂಡು 42 ಚಿತ್ರಗಳಲ್ಲೂ ಸ್ವಲ್ಪ ಸ್ವಲ್ಪ ಕೆಂಪು ಇಳಿಸಿದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ತಪ್ಪನ್ನು ಹಿಡಿಯುವ ದಾರಿ ನನ್ನ ಕೈಯಲ್ಲೇ ಇತ್ತು. ಪ್ರತಿ ಚಿತ್ರದ ಜೊತೆ 24 ಚೌಕಗಳ ಕಲರ್‌ಚೆಕರ್ ಕಾರ್ಡ್ ಇಟ್ಟು ಒಂದು ಫೋಟೋ ತೆಗೆದಿದ್ದೆ. 1976ರಿಂದ ಬಳಕೆಯಲ್ಲಿರುವ ಕಾರ್ಡ್ ಅದು. ಅದರ ಕೊನೆಯ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು ಚೌಕಗಳಿವೆ, ಒಂದರಲ್ಲೂ ಬಣ್ಣದ ಛಾಯೆ ಇಲ್ಲ. ನಡುವಿನ ಬೂದು ಚೌಕದಿಂದ ವೈಟ್ ಬ್ಯಾಲೆನ್ಸ್ ಹೊಂದಿಸಿದ ಮೇಲೆ ಐಡ್ರಾಪರ್ (ಚಿತ್ರದ ಒಂದು ಬಿಂದುವಿನ ಬಣ್ಣವನ್ನು ಸಂಖ್ಯೆಯಲ್ಲಿ ತೋರಿಸುವ ಟೂಲ್) ಇಟ್ಟು ನೋಡಿದ್ದೆ. ಕೆಂಪು, ಹಸಿರು, ನೀಲಿ ಮೂರೂ ಒಂದೇ ಸಂಖ್ಯೆ ತೋರಿಸಿದವು. ಅಂದರೆ ಫೈಲ್‌ನಲ್ಲಿ ಅದು ಅಪ್ಪಟ ಬೂದು. ಐಡ್ರಾಪರ್ ಓದುವುದು ಫೈಲನ್ನು, ಪರದೆಯನ್ನಲ್ಲ. ಮಾನಿಟರ್ ಎಷ್ಟೇ ಕೆಟ್ಟಿರಲಿ, ಆ ಸಂಖ್ಯೆ ಬದಲಾಗುವುದಿಲ್ಲ. ಸಂಖ್ಯೆ ಬೂದು ಎನ್ನುತ್ತಿದೆ, ಪರದೆ ಕೆಂಪು ಎನ್ನುತ್ತಿದೆ. ಆಗಲೇ ಕೈ ನಿಲ್ಲಿಸಿ ಪರದೆಯನ್ನು ಅನುಮಾನಿಸಬೇಕಿತ್ತು. ನಾನು ಫೈಲನ್ನೇ ತಿದ್ದಿದೆ.

ಪ್ರೆಸ್‌ನವರು ಪಿಡಿಎಫ್ ಪ್ರೂಫ್ (ಮುದ್ರಣಕ್ಕೆ ಮುಂಚೆ ನೋಡುವ ಮಾದರಿ) ಕಳಿಸಿದರು. ಅದನ್ನು ನೋಡಿದ್ದೂ ಇದೇ ಮಾನಿಟರ್‌ನಲ್ಲಿ. ಚೆನ್ನಾಗಿಯೇ ಕಂಡಿತು, ಕಾಣದೆ ಏನು? ಕಾಗದದ ಪ್ರೂಫ್ ಬೇಕಾ ಎಂದು ಅವರು ಕೇಳಿದ್ದರು. ದಿನ ಕಡಿಮೆ ಇದೆ, ಬೇಡ ಎಂದುಬಿಟ್ಟೆ.

300 ಪುಸ್ತಕಗಳ ಕಟ್ಟುಗಳನ್ನು ಮೇಷ್ಟ್ರ ಮನೆಯಲ್ಲೇ ಬಿಚ್ಚಿದೆವು. ಅವರು ಒಂದೊಂದೇ ಪುಟ ತಿರುಗಿಸಿದರು. ಮಳೆ ಮೋಡದ ಚಿತ್ರದ ಹತ್ತಿರ ನಿಂತರು. ಆ ಬೂದು ಬಣ್ಣಕ್ಕಾಗಿ ಅವರು ವಾರಗಟ್ಟಲೆ ಬಣ್ಣ ಕಲಸಿದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ. ಪುಟದಲ್ಲಿ ಅದು ಹಸಿರು ಬೆರೆತ ನೀಲಿಯಾಗಿತ್ತು. ಅವರ ತಾಯಿಯ ಭಾವಚಿತ್ರದಲ್ಲಿ ಮುಖದ ಕಳೆಯೇ ಹೋಗಿತ್ತು, ಕಾಯಿಲೆ ಬಿದ್ದು ಎದ್ದವರ ಹಾಗೆ ಕಾಣುತ್ತಿದ್ದರು. ಮೇಷ್ಟ್ರು ಬೈಯಲಿಲ್ಲ. "ಇದು ನಮ್ಮಮ್ಮನ ಬಣ್ಣ ಅಲ್ಲ ಕಣಪ್ಪ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಆಮೇಲೆ ಮುದ್ರಣದ ಕೆಲಸ ಗೊತ್ತಿರುವ ಗೆಳೆಯನೊಬ್ಬ ತನ್ನ ಹೊಸ ಕಲರಿಮೀಟರ್ ತಂದು ನನ್ನ ಮಾನಿಟರ್ ಅಳೆದ. 0.4 ಇರಬೇಕಾದ ಕಡೆ 10ರ ಹತ್ತಿರ ಬಂತು. ಪರದೆಯ ಬಿಳಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೆಂಪಿತ್ತು.

ಹೀಗೇಕಾಯಿತು ಎಂದು ಅವನು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಕಲರಿಮೀಟರ್ ಒಳಗೆ ಕೆಲವು ಬಣ್ಣದ ಫಿಲ್ಟರ್‌ಗಳು, ಅವುಗಳ ಹಿಂದೆ ಬೆಳಕಿನ ಸೆನ್ಸರ್‌ಗಳು ಇರುತ್ತವೆ. ನಮ್ಮ ಕಣ್ಣು ಬೆಳಕನ್ನು ಹೇಗೆ ಗ್ರಹಿಸುತ್ತದೋ ಆ ಫಿಲ್ಟರ್‌ಗಳೂ ಹಾಗೆಯೇ ಬೆಳಕನ್ನು ಬಿಡಬೇಕು. ಪೂರ್ತಿ ಹಾಗೆ ಯಾವುದೂ ಬಿಡುವುದಿಲ್ಲ, ಹತ್ತಿರ ಬರುತ್ತವೆ ಅಷ್ಟೇ. ಹಳೆಯ ಎಷ್ಟೋ ಮಾಡೆಲ್‌ಗಳಲ್ಲಿ ಈ ಫಿಲ್ಟರ್‌ಗಳು ವಯಸ್ಸಾದ ಹಾಗೆ ಬದಲಾಗುತ್ತವೆ. ಶಾಖ, ತೇವ ತಗುಲಿದರೆ ಇನ್ನೂ ಬೇಗ. ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ಇಟ್ಟಿದ್ದರೂ ಬದಲಾಗಬಹುದು. ಹಾಗಾಗಿ "ಜಾಸ್ತಿ ಬಳಸಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ಕಾರಣ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ. ಹಳೆಯ ಎಲ್‌ಸಿಡಿಗಳಲ್ಲಿ ಟ್ಯೂಬ್‌ಲೈಟ್ ಜಾತಿಯ ಸಿಸಿಎಫ್‌ಎಲ್ ದೀಪ ಇತ್ತು. ಆಮೇಲೆ ಬಿಳಿ ಎಲ್‌ಇಡಿ ಬಂತು. ಅದರ ನಂತರ ವೈಡ್ ಗ್ಯಾಮಟ್ ಎಲ್‌ಇಡಿ. ಕಣ್ಣಿಗೆ ಎಲ್ಲವೂ ಬಿಳಿಯೇ. ಆದರೆ ಆ ಬಿಳಿಯನ್ನು ಮಾಡುವ ಅಲೆಗಳ ಬೆರಕೆ ಒಂದೊಂದರಲ್ಲೂ ಬೇರೆ. ನನ್ನಂಥ ಮಾನಿಟರ್‌ನ ಕೆಂಪು ಕಿರಿದಾದ ಶಿಖರದಂತೆ ಒಂದೇ ಕಡೆ ಗುಂಪಾಗಿರುತ್ತದೆ. ಅಲ್ಲಿ ಫಿಲ್ಟರ್ ಸ್ವಲ್ಪ ತಪ್ಪಿದರೂ ಅಳತೆ ಬಹಳ ತಪ್ಪುತ್ತದೆ. ಅದಕ್ಕೇ ಸಾಫ್ಟ್‌ವೇರ್‌ನಲ್ಲಿ ಡಿಸ್‌ಪ್ಲೇ ಟೈಪ್ ಎಂಬ ಆಯ್ಕೆ ಇರುವುದು. ನೀವು ಯಾವ ಬ್ಯಾಕ್‌ಲೈಟ್ ಎಂದು ಹೇಳಿದರೆ ಅದಕ್ಕೆ ತಕ್ಕ ತಿದ್ದುಪಡಿ ಹಾಕಿಕೊಳ್ಳುತ್ತದೆ. ನಾನು ಅದು ಮೊದಲೇ ಇದ್ದ ಹಾಗೆಯೇ ಬಿಟ್ಟಿದ್ದೆ. ನನ್ನ ಹಳೆಯ ಮೀಟರ್‌ಗಂತೂ ಈ ಬಗೆಯ ಬ್ಯಾಕ್‌ಲೈಟ್‌ನ ತಿದ್ದುಪಡಿಯೇ ಇರಲಿಲ್ಲ. ಅದು ಕೆಂಪನ್ನು ಇರುವುದಕ್ಕಿಂತ ಕಡಿಮೆ ಕಂಡಿತು. ಕೆಂಪು ಸಾಲದು ಎಂದು ಸಾಫ್ಟ್‌ವೇರ್ ಹಸಿರನ್ನೂ ನೀಲಿಯನ್ನೂ ಇಳಿಸಿತು.

ಹಾಗಾದರೆ ಆ 0.4? ಕ್ಯಾಲಿಬ್ರೇಷನ್ ಮುಗಿದ ಮೇಲೆ ವರದಿಗಾಗಿ ಅಳೆಯುವುದೂ ಅದೇ ಮೀಟರ್. ಗಿಡ್ಡ ಅಳತೆಪಟ್ಟಿಯಲ್ಲಿ ಬಟ್ಟೆ ಕತ್ತರಿಸಿ, ಸರಿ ಇದೆಯೇ ಎಂದು ಅದೇ ಪಟ್ಟಿಯಲ್ಲಿ ಮತ್ತೆ ಅಳೆದ ಹಾಗೆ. ಮಾನಿಟರ್ ಮೀಟರ್‌ನ ಮಾತು ಕೇಳಿದೆ ಎಂದಷ್ಟೇ ಆ ವರದಿಯ ಅರ್ಥ. ಮೀಟರ್ ಸರಿ ಇದೆಯೇ ಎಂಬುದನ್ನು ಅದು ಹೇಳಲಾರದು. ನಾನು ಇಷ್ಟು ಉದ್ದ ಬರೆದದ್ದು ಈ ಒಂದು ಮಾತಿಗಾಗಿ.

ಈಗ ನಾನು ಮಾಡುವುದು ಹೀಗೆ. ಮೀಟರ್ ಯಾವುದೇ ಇರಲಿ, ಮೊದಲು ಬೇರೆಯವರ ಇನ್ನೊಂದು ಮೀಟರ್ ಜೊತೆ ಒಮ್ಮೆ ಹೋಲಿಸುತ್ತೇನೆ. ಸ್ಪೆಕ್ಟ್ರೋಫೋಟೋಮೀಟರ್ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಬೆಳಕನ್ನು ಬಿಡಿಬಿಡಿಯಾಗಿ ಒಡೆದು ಅಳೆಯುವುದರಿಂದ ಬ್ಯಾಕ್‌ಲೈಟ್ ಯಾವುದಾದರೂ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಒಂದೇ ಪರದೆಯನ್ನು ಎರಡರಲ್ಲೂ ಅಳೆದು ನಿಮ್ಮ ಕಲರಿಮೀಟರ್‌ಗೆ ತಿದ್ದುಪಡಿ ಫೈಲ್ ಮಾಡಿಕೊಳ್ಳಬಹುದು. ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಇದೆ. ಬೇರೆಯವರ ಮಾನಿಟರ್‌ನ ಪ್ರೊಫೈಲ್ (ಕ್ಯಾಲಿಬ್ರೇಷನ್‌ನಿಂದ ಸಿಗುವ ಬಣ್ಣದ ಫೈಲ್) ಇಳಿಸಿಕೊಂಡು ಹಾಕುವ ಯೋಚನೆ ಮಾತ್ರ ಬೇಡ. ಒಂದೇ ಮಾಡೆಲ್‌ನ ಎರಡು ಮಾನಿಟರ್‌ಗಳೂ ಒಂದೇ ಥರ ಇರುವುದಿಲ್ಲ.

ಮುದ್ರಣಕ್ಕೆ ಹೋಗುವ ಕೆಲಸವಾದರೆ ಕಾಗದದ ಪ್ರೂಫ್ ಬಿಡಬೇಡಿ. ಒಂದೇ ಪುಟವಾದರೂ ಸರಿ. ಬೂದು, ಚರ್ಮದ ಬಣ್ಣ, ಗಾಢ ನೆರಳು ಮೂರೂ ಇರುವ ಪುಟ ಆರಿಸಿ. ಅದನ್ನು ಮನೆಯ ಹಳದಿ ಬಲ್ಬ್ ಕೆಳಗೆ ನೋಡಬೇಡಿ. ಮುದ್ರಣದವರು ಬಳಸುವುದು 5000 ಕೆಲ್ವಿನ್‌ನ ಡಿ50 ಬೆಳಕು. ಅಂಥ ದೀಪ ಅವರಲ್ಲೇ ಇದ್ದರೆ ಅಲ್ಲಿಗೇ ಹೋಗಿ ನೋಡಿ.

ಮೇಷ್ಟ್ರ ಪುಸ್ತಕದ ಫೈಲ್‌ಗಳನ್ನು ಮೊದಲಿನಿಂದ ಮತ್ತೆ ಮಾಡುತ್ತಿದ್ದೇನೆ. ಪುಣ್ಯಕ್ಕೆ ಕ್ಯಾಮೆರಾದ ಮೂಲ ಫೈಲ್‌ಗಳು ಹಾಗೇ ಇವೆ. ಮೊದಲ ಪ್ರೂಫ್ ತೆಗೆಸಿದ್ದು ಅವರ ತಾಯಿಯ ಚಿತ್ರದ್ದು. ಮೇಷ್ಟ್ರು ಅದನ್ನು ಮೂಲ ಚಿತ್ರದ ಪಕ್ಕ ಹಿಡಿದು ತುಂಬಾ ಹೊತ್ತು ನೋಡಿದರು. ಕೆನ್ನೆಯ ಹತ್ತಿರ ಇನ್ನೂ ಒಂಚೂರು ಬೆಚ್ಚಗಾಗಬೇಕು ಎಂದರು. ಹಳೆಯ ಮೀಟರನ್ನು ನಾನು ಮಾರಿಲ್ಲ. "ಅಳತೆ ತಪ್ಪು, ಬಳಸಬೇಡಿ" ಎಂದು ಚೀಟಿ ಅಂಟಿಸಿ ಇಟ್ಟಿದ್ದೇನೆ.