ಒಂದೇ ಟ್ಯಾಕ್ಟಿಕ್ಸ್, ನಾಲ್ಕು ದೇಶ: ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ನಾನು ಕಂಡಿದ್ದು

ಫುಟ್‌ಬಾಲ್ ಮ್ಯಾನೇಜರ್ ಅನ್ನುವುದು ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ತಂಡ ನಡೆಸುವ ಕಂಪ್ಯೂಟರ್ ಗೇಮ್. ಅದನ್ನು ಆಡುವ ಗೆಳೆಯರ ನಡುವೆ ಒಂದು ಮಾತು ಆಗಾಗ ಬರುತ್ತದೆ: "ಯಾವ ದೇಶದ ಲೀಗ್ ತಗೊಂಡರೂ ಆಟ ಒಂದೇ ಕಣೋ, ಜೆರ್ಸಿ ಮಾತ್ರ ಬೇರೆ." ನನಗೆ ಇದನ್ನು ಒಪ್ಪಲು ಆಗಲಿಲ್ಲ. ಸುಮ್ನೆ ವಾದ ಮಾಡುವ ಬದಲು ಆಡಿಯೇ ನೋಡೋಣ ಅಂದುಕೊಂಡೆ.

2024ರ ಆವೃತ್ತಿಯಲ್ಲಿ ನಾಲ್ಕು ಸೇವ್, ಅಂದರೆ ನಾಲ್ಕು ಪ್ರತ್ಯೇಕ ಆಟ ಶುರು ಮಾಡಿದೆ. ಇಂಗ್ಲೆಂಡಿನ ಪ್ರೆಸ್ಟನ್, ಜರ್ಮನಿಯ ಸೇಂಟ್ ಪೌಲಿ, ಇಟಲಿಯ ಪಲೆರ್ಮೊ, ಬ್ರೆಜಿಲ್‌ನ ಫೋರ್ಟಲೆಜಾ. ಆ ಆವೃತ್ತಿಯಲ್ಲಿ ಮೊದಲ ಮೂರು ತಂಡಗಳು ಎರಡನೇ ದರ್ಜೆಯ ಲೀಗ್‌ನವು, ಫೋರ್ಟಲೆಜಾ ಮಾತ್ರ ಮೊದಲ ದರ್ಜೆ. ನಾಲ್ಕೂ ಕಡೆ 4-2-3-1 (ಹಿಂದಿನಿಂದ ಮುಂದಕ್ಕೆ ಪ್ರತಿ ಸಾಲಿನಲ್ಲಿ ಎಷ್ಟು ಆಟಗಾರರು ಅನ್ನುವ ಲೆಕ್ಕ), ನಾಲ್ಕೂ ಕಡೆ ಗೆಗೆನ್‌ಪ್ರೆಸ್. ಅಂದರೆ ಚೆಂಡು ಕಳೆದುಕೊಂಡ ಕ್ಷಣವೇ ಎಲ್ಲರೂ ಮುಗಿಬಿದ್ದು ಅದನ್ನು ವಾಪಸ್ ಕಿತ್ತುಕೊಳ್ಳುವುದು. ಮೊದಲ ಸೀಸನ್ ಮುಗಿಯುವವರೆಗೆ ಇದನ್ನು ಬದಲಿಸಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಆ ನಿಯಮ ಇಟಲಿಯಲ್ಲಿ ಮುರಿಯಿತು. ಅದರ ಕಥೆ ಆಮೇಲೆ.

ಮೊದಲು ಜರ್ಮನಿ, ಯಾಕೆಂದರೆ ಇಲ್ಲಿ ಹೇಳುವುದು ಕಡಿಮೆ. ಈ ಟ್ಯಾಕ್ಟಿಕ್ಸ್ ಹುಟ್ಟಿ ಬೆಳೆದ ನೆಲದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಎರಡನೇ ಬುಂಡೆಸ್‌ಲೀಗಾದಲ್ಲಿ 18 ತಂಡ, 34 ಪಂದ್ಯ, ನಡುವೆ ಚಳಿಗಾಲದ ರಜೆ. ಆಟಗಾರರಿಗೆ ಉಸಿರಾಡಲು ಸಮಯ ಸಿಗುತ್ತದೆ, ಹಾಗಾಗಿ ಮೇ ತಿಂಗಳಲ್ಲೂ ಓಡುತ್ತಾರೆ. ತೊಂದರೆ ಏನೆಂದರೆ ಎದುರಾಳಿಗಳೂ ಹಾಗೇ ಓಡುತ್ತಾರೆ. ನಮ್ಮ ಸೆಂಟರ್ ಬ್ಯಾಕ್ (ನಡುವಿನ ರಕ್ಷಕ) ಕಾಲಿಗೆ ಚೆಂಡು ಬಂದ ಕೂಡಲೇ ಇಬ್ಬರು ಮೈಮೇಲೆ ಬರುತ್ತಾರೆ. 2-2, 3-2 ತರದ ಫಲಿತಾಂಶಗಳು ಜಾಸ್ತಿ. ಎಡಗಡೆ ಒಬ್ಬನನ್ನು ರೌಮ್‌ಡಾಯ್ಟರ್ ಮಾಡಿದೆ. ಜರ್ಮನಿಯ ಆಟಗಾರ ಥಾಮಸ್ ಮ್ಯೂಲರ್ ತನ್ನ ಬಗ್ಗೆ ತಾನೇ ಹೇಳಿಕೊಂಡ ಪದ ಅದು, ಖಾಲಿ ಜಾಗವನ್ನು ಓದಬಲ್ಲವನು ಅಂತ ಅರ್ಥ. ಎರಡೂ ಕಡೆಯವರು ಮುಂದೆ ನುಗ್ಗುವ ಈ ಲೀಗ್‌ನಲ್ಲಿ ಖಾಲಿ ಜಾಗಕ್ಕೆ ಬರ ಇಲ್ಲ. ಅವನೇ ನನ್ನ ಟಾಪ್ ಸ್ಕೋರರ್ ಆದ.

ಇಂಗ್ಲೆಂಡಿಗೆ ಹೋದಾಗ ನನ್ನ ಲೆಕ್ಕ ತಪ್ಪಿತು. ಅಲ್ಲೂ ಓಡುವ ಆಟವೇ ಅಲ್ವಾ, ಹೊಂದಿಕೊಳ್ಳುತ್ತದೆ ಅಂದುಕೊಂಡಿದ್ದೆ. ನವೆಂಬರ್‌ವರೆಗೆ ಹೊಂದಿಕೊಂಡಿತು ಕೂಡ. ಆದರೆ ಚಾಂಪಿಯನ್‌ಶಿಪ್‌ನಲ್ಲಿ (ಅಲ್ಲಿನ ಎರಡನೇ ದರ್ಜೆಯ ಲೀಗ್) 24 ತಂಡ, 46 ಪಂದ್ಯ. ಜೊತೆಗೆ ಎರಡು ಕಪ್. ಕ್ರಿಸ್‌ಮಸ್ ಮರುದಿನ ಪಂದ್ಯ, ಮೂರು ದಿನ ಬಿಟ್ಟು ಇನ್ನೊಂದು, ಹೊಸ ವರ್ಷದ ದಿನ ಮತ್ತೊಂದು. ತಂಡದ ಪುಟ ತೆರೆದರೆ ಆಟಗಾರರ ಹೆಸರಿನ ಪಕ್ಕ ಹಸಿರು ಇರಬೇಕಾದ ಹೃದಯದ ಚಿಹ್ನೆಗಳೆಲ್ಲ ಹಳದಿ, ಕಿತ್ತಳೆ. ಜನವರಿ ಮೊದಲ ವಾರ ನನ್ನ ಇಬ್ಬರು ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳೂ ತೊಡೆಯ ಸ್ನಾಯು ನೋವು ಅಂತ ಹೊರಗೆ ಕೂತರು. ಅಷ್ಟರಲ್ಲಿ ಎದುರಾಳಿಗಳು ನಮ್ಮ ಪ್ರೆಸ್‌ಗೆ ಉತ್ತರ ಕಂಡುಕೊಂಡಿದ್ದರು. ಚೆಂಡನ್ನು ನೆಲದ ಮೇಲೆ ಆಡುವುದೇ ಇಲ್ಲ. ಗೋಲ್‌ಕೀಪರ್ ಎತ್ತಿ ಹೊಡೆಯುತ್ತಾನೆ, ಎತ್ತರದ ಸ್ಟ್ರೈಕರ್ ತಲೆ ಕೊಡುತ್ತಾನೆ, ಬಿದ್ದ ಚೆಂಡಿಗೆ ಮೂವರು ಕಾದಿರುತ್ತಾರೆ. ಪ್ರೆಸ್ ಮಾಡಲು ನಮ್ಮವರು ಮೇಲೆ ಓಡಿದ್ದಷ್ಟೇ ಬಂತು, ಚೆಂಡು ಅವರ ತಲೆಯ ಮೇಲೆಯೇ ಹಾರಿಹೋಯಿತು.

ಪ್ರೆಸ್ಟನ್‌ನಲ್ಲಿ ಕಲಿತದ್ದು ಇದು: ಇಂಗ್ಲೆಂಡಿನಲ್ಲಿ ಆಟಗಾರನ ಟೆಕ್ನಿಕ್‌ಗಿಂತ ಸ್ಟ್ಯಾಮಿನಾ, ಜಂಪಿಂಗ್ ರೀಚ್ (ಎಷ್ಟು ಎತ್ತರಕ್ಕೆ ಹಾರಿ ಚೆಂಡು ಮುಟ್ಟಬಲ್ಲ ಅನ್ನುವುದು), ಧೈರ್ಯ, ಗೇಮ್ ಕೊಡುವ ಈ ಮೂರು ಅಂಕಗಳನ್ನು ಮೊದಲು ನೋಡಬೇಕು. 20ಕ್ಕೆ 14 ಟೆಕ್ನಿಕ್ ಇದ್ದು 9 ಸ್ಟ್ಯಾಮಿನಾ ಇರುವ ಹುಡುಗ ಫೆಬ್ರವರಿಯಲ್ಲಿ ನಿಮಗೆ ಸಿಗುವುದಿಲ್ಲ.

ಇಟಲಿ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ನನಗೆ ಅತಿ ಹೆಚ್ಚು ಪಾಠ ಕಲಿಸಿದ ದೇಶ ಅದು. ಅಲ್ಲಿನ ಎರಡನೇ ದರ್ಜೆಯ ಸೀರಿ ಬಿಯಲ್ಲಿ 20 ತಂಡ. ನಾನು ಎದುರಿಸಿದ ತಂಡಗಳಲ್ಲಿ ಮೂವರು ಸೆಂಟರ್ ಬ್ಯಾಕ್ ಇಟ್ಟು 3-5-2 ಆಡುವವೇ ಜಾಸ್ತಿ. ಒಂದು ಪಂದ್ಯ ಇನ್ನೂ ಕಣ್ಣ ಮುಂದಿದೆ. ನಮ್ಮದೇ ಮೈದಾನ, ಎದುರಾಳಿ ಪಟ್ಟಿಯ ಕೆಳಗಿನ ಅರ್ಧದಲ್ಲಿರುವ ತಂಡ. ನಮ್ಮ ವಿಂಗರ್ ಬಲಗಡೆ ಚೆಂಡು ಹಿಡಿದಾಗಲೆಲ್ಲ ಅಂಚಿನುದ್ದಕ್ಕೂ ಓಡುವ ಅವರ ವಿಂಗ್ ಬ್ಯಾಕ್ ಎದುರು ನಿಲ್ಲುತ್ತಾನೆ. ಒಳಗಿನಿಂದ ಮೆಝಾಲ (ಅಂಚಿನ ಕಡೆಗೂ ಹೋಗುವ ಮಿಡ್‌ಫೀಲ್ಡರ್) ಬಂದು ಪಕ್ಕ ಸೇರುತ್ತಾನೆ. ಹಿಂದೆ ಸೆಂಟರ್ ಬ್ಯಾಕ್ ಒಂದು ಹೆಜ್ಜೆ ಸರಿದು ಕಾಯುತ್ತಾನೆ. ಒಬ್ಬನಿಗೆ ಮೂವರು. ಬೇರೆ ದಾರಿ ಇಲ್ಲದೆ ನಮ್ಮವನು ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾನೆ, ಪೆನಾಲ್ಟಿ ಬಾಕ್ಸ್‌ನಲ್ಲಿ ಮೂವರು ಎತ್ತರದವರು ಅದನ್ನು ಹೊರಗೆ ತಳ್ಳುತ್ತಾರೆ. ನಾವು ಗೋಲಿನತ್ತ 24 ಸಲ ಹೊಡೆದೆವು. ಅವರು ಹೊಡೆದದ್ದು ಮೂರೇ ಸಲ. 71ನೇ ನಿಮಿಷದಲ್ಲಿ ಅವರ ಒಂದು ಕೌಂಟರ್ (ದಿಢೀರ್ ಪ್ರತಿದಾಳಿ), 0-1.

ಅಂಥ ಐದು ಪಂದ್ಯ ಆದ ಮೇಲೆ ನಿಯಮ ಮುರಿದೆ. ಪ್ರೆಸ್ಸಿಂಗ್ ಇಳಿಸಿದೆ, ವೇಗ ಇಳಿಸಿದೆ. ನಡುವಿನ ಇಬ್ಬರಲ್ಲಿ ಒಬ್ಬನನ್ನು ರೆಜಿಸ್ಟಾ ಮಾಡಿದೆ. ಇಟಾಲಿಯನ್‌ನಲ್ಲಿ ಸಿನಿಮಾ ನಿರ್ದೇಶಕನಿಗೂ ಇದೇ ಪದ. ಅವನು ಹಿಂದೆ ನಿಂತು ಚೆಂಡನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಕೊಡುತ್ತಾ ಹೋದ. ಎದುರಾಳಿಯ ಸೆಂಟರ್ ಬ್ಯಾಕ್, ವಿಂಗ್ ಬ್ಯಾಕ್ ಸೇರಿದ ಐದು ಜನರ ಸಾಲು ಒಂದು ಗೇಣು ಸರಿದಾಗ ಮಾತ್ರ ಮುಂದಕ್ಕೆ. ಗೋಲುಗಳೇನೂ ಸುರಿಯಲಿಲ್ಲ. 1-0, 1-0, 2-0. ಆದರೆ ಮೊದಲ ದರ್ಜೆಗೆ ಏರಲು ಮೂರರಿಂದ ಎಂಟನೇ ಸ್ಥಾನದವರಿಗೆ ಇರುವ ಪ್ಲೇಆಫ್‌ಗೆ ತಲುಪಿದೆವು. ಈ ಲೀಗ್‌ನಲ್ಲಿ ಗೆದ್ದಷ್ಟು ತೃಪ್ತಿ ನನಗೆ ಬೇರೆಲ್ಲೂ ಸಿಗಲಿಲ್ಲ. ಒಂದು ಗೋಲಿಗಾಗಿ ಎಪ್ಪತ್ತು ನಿಮಿಷ ಕಾಯುವುದು ಎಷ್ಟು ಚಂದ ಅನ್ನುವುದು ಕಾದವರಿಗೇ ಗೊತ್ತು.

ಬ್ರೆಜಿಲ್‌ನಲ್ಲಿ ಆಟದ ಶೈಲಿಗಿಂತ ಮೊದಲು ಹೊಡೆತ ಕೊಟ್ಟದ್ದು ಕ್ಯಾಲೆಂಡರ್. ವರ್ಷದ ಆರಂಭದಲ್ಲಿ ರಾಜ್ಯ ಮಟ್ಟದ ಚಾಂಪಿಯನ್‌ಶಿಪ್, ಈಶಾನ್ಯ ಭಾಗದ ತಂಡಗಳಿಗೆ ಪ್ರತ್ಯೇಕ ಕಪ್, ರಾಷ್ಟ್ರೀಯ ಕಪ್, ಖಂಡದ ಟೂರ್ನಿ. ಇದರ ಮೇಲೆ ಲೀಗ್‌ನ 38 ಪಂದ್ಯ. ಫೋರ್ಟಲೆಜಾದಿಂದ ದಕ್ಷಿಣದ ಪೋರ್ಟೊ ಅಲೆಗ್ರೆಗೆ 3,000 ಕಿಲೋಮೀಟರ್‌ಗೂ ಜಾಸ್ತಿ. ಇಲ್ಲಿ ಗೆಗೆನ್‌ಪ್ರೆಸ್ ಮಾಡಿಸುವುದು ಆಟಗಾರರಿಗೆ ಮಾಡುವ ಅನ್ಯಾಯ. ತಂಡಗಳು ನಿಧಾನವಾಗಿ ಆಡುವುದಕ್ಕೆ ಇದೇ ಕಾರಣ ಅಂತ ನನಗೆ ಅನ್ನಿಸಿತು. ಫುಲ್ ಬ್ಯಾಕ್‌ಗಳು ಮೇಲೆ ಹೋಗುತ್ತಾರೆ, ನಡುವಿನಿಂದ ಸೆಗುಂಡೊ ವೊಲಾಂಟೆ (ಹಿಂದಿನಿಂದ ದಾಳಿಗೆ ನುಗ್ಗುವ ಮಿಡ್‌ಫೀಲ್ಡರ್) ತಡವಾಗಿ ಬಾಕ್ಸ್‌ಗೆ ಬರುತ್ತಾನೆ, ಹದಿನೆಂಟರ ಹುಡುಗರು ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಡ್ರಿಬಲ್ ಮಾಡಿ ದಾಟುತ್ತಾರೆ. ನೋಡಲು ಹಬ್ಬ. ಆದರೆ ಯುರೋಪಿನ ಬೇಸಿಗೆ ವರ್ಗಾವಣೆಯ ಸಮಯ ಇಲ್ಲಿ ಸೀಸನ್ ನಡುವೆ ಬರುತ್ತದೆ. ಜೂನ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ನನ್ನ ತಂಡದಿಂದ ಆಗಸ್ಟ್ ಒಳಗೆ ಮೂವರು ಹೊರಟುಹೋದರು. ಅವರಿಗಾಗಿ ಕಟ್ಟಿದ ಆಟವೂ ಅವರ ಜೊತೆಗೇ ಹೋಯಿತು.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಬಾವುಟ ನೋಡಿ ಆಡುವ ರೀತಿ ಬದಲಾಗುತ್ತದೆ ಅಂತ ನನಗೆ ಅನ್ನಿಸಲಿಲ್ಲ. ಪಂದ್ಯಗಳ ನಡುವಿನ ದಿನಗಳು, ವರ್ಗಾವಣೆಯ ನಿಯಮಗಳು, ಅಲ್ಲಿ ಸಿಗುವ ಆಟಗಾರರ ಅಂಕಗಳು, ಇವೇ ಶೈಲಿಯನ್ನು ತಯಾರಿಸುತ್ತವೆ. ಜೊತೆಗೆ ಪ್ರತಿ ಮ್ಯಾನೇಜರ್‌ಗೂ ಇಷ್ಟದ ಫಾರ್ಮೇಶನ್, ಇಷ್ಟದ ಶೈಲಿ ಅಂತ ಡೇಟಾಬೇಸ್‌ನಲ್ಲಿ ಬರೆದಿರುತ್ತದೆ. ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಜನ ಸ್ಥಳೀಯ ಪಂದ್ಯಗಳನ್ನು ನೋಡಿ ಈ ಮಾಹಿತಿ ತುಂಬುತ್ತಾರೆ. ಅವರ ಕೆಲಸಕ್ಕೆ ನನ್ನ ನಮಸ್ಕಾರ. ಪಲೆರ್ಮೊ ಸೇವನ್ನು ಆರು ಸೀಸನ್‌ವರೆಗೆ ಆಡಿದೆ. ಹಳೆಯ ಮ್ಯಾನೇಜರ್‌ಗಳು ಹೋಗಿ ಬೇರೆ ದೇಶದವರು ಬಂದಂತೆ ಆ 3-5-2 ಗೋಡೆಗಳೂ ಕಡಿಮೆಯಾದವು. ನನಗೆ ಬೇಜಾರಾಯಿತು.

ಹೊಸದಾಗಿ ಆಡುವವರಿಗೆ ನಾನು ಜರ್ಮನಿಯನ್ನೇ ಹೇಳುತ್ತೇನೆ. ಪಂದ್ಯ ಕಡಿಮೆ, ರಜೆ ಇದೆ, ಮಾಡಿದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ದೊಡ್ಡ ತಂಡವನ್ನು ಸರದಿಯಲ್ಲಿ ಆಡಿಸುವುದು ಇಷ್ಟವಿದ್ದರೆ ಇಂಗ್ಲೆಂಡ್. ಹುಡುಗರನ್ನು ಬೆಳೆಸಿ ಬೀಳ್ಕೊಡುವ ಮನಸ್ಸಿದ್ದರೆ ಬ್ರೆಜಿಲ್. ಟ್ಯಾಕ್ಟಿಕ್ಸ್ ಪುಟದಲ್ಲೇ ಗಂಟೆಗಟ್ಟಲೆ ಕೂರುವವರಾದರೆ ಎರಡನೇ ಯೋಚನೆ ಬೇಡ, ಇಟಲಿ.

ಇನ್ನೊಂದು ವಿಷಯ. ಸೇವ್ ಶುರು ಮಾಡುವಾಗ ಆಡುವ ದೇಶವನ್ನು ಮಾತ್ರ ಆರಿಸಬೇಡಿ. ಬ್ರೆಜಿಲ್ ಜೊತೆಗೆ ಅರ್ಜೆಂಟೀನಾ ಮತ್ತು ಪೋರ್ಚುಗಲ್, ಇಟಲಿ ಜೊತೆಗೆ ಫ್ರಾನ್ಸ್ ಲೀಗ್‌ಗಳನ್ನೂ ಲೋಡ್ ಮಾಡಿ. ಇಲ್ಲದಿದ್ದರೆ ಆ ದೇಶಗಳಿಂದ ಬರಬೇಕಾದ ಆಟಗಾರರು ಡೇಟಾಬೇಸ್‌ನಲ್ಲಿ ಇರುವುದೇ ಕಡಿಮೆ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಪ್ರತಿ ದೇಶದ ಮೊದಲ ದರ್ಜೆ ಮಾತ್ರ ಸಾಕು.